ಕಾಲ್ಗುಣದ ಕ್ರಿಕೆಟ್ಟು

ಹೊಸ ಸೊಸೆ ಹೊಸಿಲು ದಾಟಿದ ವಾರದಲ್ಲೇ ಕೊಟ್ಟಿಗೆಯ ಎಮ್ಮೆ ಸತ್ತರೆ ಅದು ಅವಳ ಕಾಲ್ಗುಣ. ಎಮ್ಮೆಗೆ ಮೊದಲೇ ಕಾಯಿಲೆ ಇತ್ತೇ, ದನದ ಡಾಕ್ಟರನ್ನು ಕರೆಸಿದ್ದರೇ ಎಂದು ಯಾರೂ ಕೇಳುವುದಿಲ್ಲ. ಅದೇ ವಾರ ಮಾವನಿಗೆ ಬಡ್ತಿ ಬಂದರೆ ಮಾತ್ರ ಅದು ಮಾವನ ಮೂವತ್ತು ವರ್ಷದ ದುಡಿಮೆಯ ಫಲ. ಈ ಲೆಕ್ಕಾಚಾರವನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತವರಿನಲ್ಲಿ ಅತ್ತಿಗೆಯ ವಿಷಯದಲ್ಲಿ ಕೇಳಿರುತ್ತೇವೆ, ಆಮೇಲೆ ನಮ್ಮ ವಿಷಯದಲ್ಲೇ ಕೇಳುತ್ತೇವೆ. ಓದು ಬರಹ ಹೆಚ್ಚಿದ ಮೇಲೆ ಈ ಮಾತು ಹಳ್ಳಿಯ ಜಗಲಿಯಲ್ಲೇ ಸತ್ತುಹೋಯಿತೆಂದು ತಿಳಿದಿದ್ದವರು ಕ್ರಿಕೆಟ್ ಸೋತ ದಿನ ಒಮ್ಮೆ ಟೀವಿ ಹಾಕಿ ನೋಡಬೇಕು. ಅದು ಅಲ್ಲಿ ಕೋಟು ತೊಟ್ಟು, ಕತ್ತಿಗೆ ಮೈಕು ಸಿಕ್ಕಿಸಿಕೊಂಡು ಕೂತಿರುತ್ತದೆ.

2015ರ ಮಾರ್ಚ್ 26ರಂದು ಸಿಡ್ನಿಯಲ್ಲಿ ವಿಶ್ವಕಪ್ಪಿನ ಸೆಮಿಫೈನಲ್ ನಡೆಯಿತು. ಆಸ್ಟ್ರೇಲಿಯಾ 328 ರನ್ ಹೊಡೆಯಿತು, ಅದರಲ್ಲಿ ಸ್ಟೀವ್ ಸ್ಮಿತ್ ಒಬ್ಬನದೇ 105. ಭಾರತ 233ಕ್ಕೆ ಆಟ ಮುಗಿಸಿ 95 ರನ್ನುಗಳಿಂದ ಸೋತಿತು. ಹನ್ನೊಂದು ಜನರ ಸೋಲು ಇದು. ಬೌಲರುಗಳು ದಂಡಿಸಿಕೊಂಡಿದ್ದರು, ಬ್ಯಾಟುಗಾರರು ಒಬ್ಬೊಬ್ಬರಾಗಿ ಮರಳಿದ್ದರು. ಆದರೆ ಅಂದು ಸಂಜೆಯ ಹೊತ್ತಿಗೆ ಈ ಸೋಲಿಗೆ ಒಂದೇ ಒಂದು ಹೆಸರು ಅಂಟಿಕೊಂಡಿತು, ಅದು ಪ್ರೇಕ್ಷಕರ ನಡುವೆ ಕೂತಿದ್ದ ಒಬ್ಬ ಹೆಂಗಸಿನದು. ವಿರಾಟ್ ಕೊಹ್ಲಿ 13 ಎಸೆತಗಳಲ್ಲಿ 1 ರನ್ ಮಾಡಿ ಔಟಾಗಿದ್ದರು, ಅನುಷ್ಕಾ ಶರ್ಮಾ ನೋಡಲು ಬಂದಿದ್ದರು. ಆಗಿನ್ನೂ ಅವರಿಗೆ ಮದುವೆಯೂ ಆಗಿರಲಿಲ್ಲ, ಅದು ಆದದ್ದು 2017ರ ಡಿಸೆಂಬರಿನಲ್ಲಿ. ಹೊಸಿಲು ದಾಟುವ ಮೊದಲೇ ಕಾಲ್ಗುಣ ಹಚ್ಚಿದ್ದು ನಮ್ಮ ಅಜ್ಜಿಯರ ಕಾಲದಲ್ಲೂ ಇರಲಿಲ್ಲವೇನೋ.

ಸಾಮಾಜಿಕ ಜಾಲತಾಣಗಳಲ್ಲಿ ಬೈಗುಳ ಸುರಿದವರು ಸುರಿದರು, ಅವರಿಗೆ ಹೆಸರಿಲ್ಲ, ಮುಖವಿಲ್ಲ. ಆದರೆ ಅದನ್ನು ಎತ್ತಿ ಸುದ್ದಿ ಮಾಡಿದವರಿಗೆ ಹೆಸರೂ ಇದೆ, ಪರವಾನಗಿಯೂ ಇದೆ. 'ಜನ ಹೀಗೆ ಕೇಳುತ್ತಿದ್ದಾರೆ' ಎಂಬ ಒಂದು ಸಾಲು ಇದ್ದರೆ ಸಾಕು, ತಾವು ಹೇಳಲು ನಾಚುವುದನ್ನೆಲ್ಲ ಅದರ ಹಿಂದೆ ನಿಂತು ಹೇಳಬಹುದು. 'ನಾನಲ್ಲಪ್ಪಾ, ಊರವರು ಹೇಳ್ತಾರೆ' ಎನ್ನುವ ಚಾಡಿಕೋರರನ್ನು ನಾವು ನಮ್ಮ ಬೀದಿಯಲ್ಲೇ ಕಂಡಿದ್ದೇವಲ್ಲ!

ಇನ್ನು ಅದೇ ಲೆಕ್ಕವನ್ನು ತಿರುಗಿಸಿ ನೋಡಿ. ಸಿಡ್ನಿಯ ಈ ಸೋಲಿಗೆ ಮೂರು ತಿಂಗಳ ಹಿಂದೆ ಅದೇ ಆಸ್ಟ್ರೇಲಿಯಾದಲ್ಲಿ ಕೊಹ್ಲಿ ಒಂದೇ ಟೆಸ್ಟ್ ಸರಣಿಯಲ್ಲಿ ನಾಲ್ಕು ಶತಕ ಬಾರಿಸಿದ್ದರು, ಒಟ್ಟು 692 ರನ್. ಆಗಲೂ ಆ ಹುಡುಗಿಯ ಸ್ನೇಹ ಇದ್ದೇ ಇತ್ತು. ಆ ನಾಲ್ಕು ಶತಕಗಳನ್ನು ಅವಳ ಖಾತೆಗೆ ಯಾರಾದರೂ ಬರೆದರೇ? ಅವು ಅವನ ತೋಳಿನ ಬಲ. ಆ ಒಂದು ರನ್ ಮಾತ್ರ ಅವಳ ಕಾಲಿನ ಗುಣ. ಮರುವರ್ಷ, 2016ರ ಮಾರ್ಚಿನಲ್ಲಿ, ಇಬ್ಬರೂ ದೂರವಾಗಿದ್ದಾರೆ ಎಂಬ ಗುಸುಗುಸು ಹಬ್ಬಿತ್ತು. ಮೊಹಾಲಿಯಲ್ಲಿ ಕೊಹ್ಲಿ ಔಟಾಗದೆ 82 ರನ್ ಬಾರಿಸಿ ಆಸ್ಟ್ರೇಲಿಯಾವನ್ನು ಸೋಲಿಸಿದರು. ಕೂಡಲೇ ನಗೆಚಾಟಿಕೆ ಶುರುವಾಯಿತು: ಅವಳು ಹೋದದ್ದೇ ಹೋದದ್ದು, ಆಟ ಮರಳಿತು! ಮಾರನೆಯ ದಿನ ಕೊಹ್ಲಿಯೇ ಬರೆದು, ಹೀಗೆ ಆಕೆಯನ್ನು ಹಂಗಿಸುವವರಿಗೆ ನಾಚಿಕೆಯಾಗಬೇಕು ಎಂದರು. ಸುದ್ದಿಮನೆಗಳು ಆ ಮಾತನ್ನೂ ದಿನವಿಡೀ ತೋರಿಸಿದವು. ಹಂಗಿಸಿದ್ದೂ ಸುದ್ದಿ, ಹಂಗಿಸಬೇಡಿ ಎಂದದ್ದೂ ಸುದ್ದಿ. ಅಂಗಡಿ ಮಾತ್ರ ಬಾಗಿಲು ಹಾಕಲಿಲ್ಲ.

ಇದು ಗಡಿಯಾಚೆಗೂ ಒಂದೇ. 2019ರ ಜೂನ್ 16ರಂದು ಮ್ಯಾಂಚೆಸ್ಟರಿನಲ್ಲಿ ಭಾರತದ ಎದುರು ಪಾಕಿಸ್ತಾನ ಸೋತಿತು. ಪಂದ್ಯಕ್ಕೆ ಮುಂಚೆ ಆಟಗಾರರು ಹೋಟೆಲೊಂದರಲ್ಲಿ ಕೂತಿದ್ದ ವಿಡಿಯೋ ಹೊರಬಿತ್ತು. ಅಲ್ಲಿ ಶೋಯಬ್ ಮಲಿಕ್ ಜೊತೆ ಪತ್ನಿ ಸಾನಿಯಾ ಮಿರ್ಜಾ ಇದ್ದರು. ಆರು ಬಾರಿ ಗ್ರ್ಯಾಂಡ್‌ಸ್ಲಾಮ್ ಡಬಲ್ಸ್ ಗೆದ್ದ ಆಟಗಾರ್ತಿ ಆಕೆ. ಆ ದಿನ ಮಾತ್ರ ಇಡೀ ತಂಡದ ಊಟ, ನಿದ್ದೆಗೆ ಆಕೆಯೇ ಹೊಣೆಗಾರಳಾದಳು. ಕೊನೆಗೆ, ತಾನು ಆ ತಂಡದ ಆಹಾರತಜ್ಞೆಯೂ ಅಲ್ಲ, ತಾಯಿಯೂ ಅಲ್ಲ, ಟೀಚರೂ ಅಲ್ಲ ಎಂದು ಆಕೆ ಉತ್ತರ ಕೊಡಬೇಕಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ನಮ್ಮ ಹಿರಿಯ ಆಟಗಾರ ಫಾರೂಕ್ ಎಂಜಿನಿಯರ್, ವಿಶ್ವಕಪ್ ವೇಳೆ ಆಯ್ಕೆಗಾರರು ಅನುಷ್ಕಾಗೆ ಟೀ ತಂದುಕೊಡುತ್ತಿದ್ದರು ಎಂದರು. ಸಿಟ್ಟು ಇದ್ದದ್ದು ಆಯ್ಕೆ ಸಮಿತಿಯ ಮೇಲೆ, ಪೆಟ್ಟು ಬಿದ್ದದ್ದು ಈಕೆಗೆ. ಆಕೆ ಉದ್ದದ ಹೇಳಿಕೆ ಕೊಟ್ಟು, ಕೊನೆಗೆ ತಾನು ಕುಡಿಯುವುದು ಕಾಫಿ ಎಂದೂ ಸೇರಿಸಿದರು. ನಮ್ಮ ಕಡೆಯವರಿಗೆ ಇದು ಮೆಚ್ಚಿಗೆಯಾಗುವ ಉತ್ತರ.

ಯಾಕೆ ಹೀಗೆ ಎಂದು ಯೋಚಿಸಿದಾಗ ನನಗೆ ಒಂದು ಕಾರಣ ಬಹಳ ಸಾದಾ ಅನ್ನಿಸುತ್ತದೆ. ಪಂದ್ಯ ತೋರಿಸುವ ಹಕ್ಕನ್ನು ಕೋಟ್ಯಂತರ ರೂಪಾಯಿ ಕೊಟ್ಟು ಕೊಂಡವರು ಒಬ್ಬರು. ಉಳಿದ ಸುದ್ದಿವಾಹಿನಿಗಳ ಕೈಗೆ ಸಿಗುವುದು ಒಂದೆರಡು ತುಣುಕು ಮಾತ್ರ. ಆಟವಿಲ್ಲದೆ ಆಟದ ಬಗ್ಗೆ ಇಡೀ ದಿನ ಮಾತಾಡಬೇಕು. ಅಡಿಗೆಗೆ ತರಕಾರಿಯೇ ಇಲ್ಲದಾಗ ಒಗ್ಗರಣೆಯ ಸದ್ದನ್ನೇ ಜೋರು ಮಾಡಿದಂತೆ. ಅದಕ್ಕೇ ಪಂದ್ಯದ ಮುಂಚೆ ಜ್ಯೋತಿಷಿ, ಹೋಮ, ಪಂದ್ಯದ ನಂತರ ಟೀವಿ ಒಡೆಯುವ ಹುಡುಗರು. ಪಿಚ್ಚಿನ ಗುಣ, ಬೌಲಿಂಗಿನ ಲೋಪ ವಿವರಿಸಲು ಆಟ ತಿಳಿದವರು ಬೇಕು, ಚಿತ್ರಗಳು ಬೇಕು. ಯಾರ ಹೆಂಡತಿ ಎಲ್ಲಿ ಕೂತಿದ್ದಳು ಎನ್ನಲು ಒಂದು ಫೋಟೋ ಸಾಕು. ಇನ್ನು ಹಕ್ಕು ಕೊಂಡವರ ಕ್ಯಾಮೆರಾವೋ, ಗಂಡ ಔಟಾದೊಡನೆ ಹೆಂಡತಿಯ ಮುಖಕ್ಕೇ ಹಾರುತ್ತದೆ. ಆ ಫೋಟೋ ಹುಟ್ಟುವುದೇ ಅಲ್ಲಿ. ನಾವೂ ಅವಳ ಓಲೆ, ಡ್ರೆಸ್ಸು ನೋಡುತ್ತಾ ಕೂತಿರುತ್ತೇವೆ, ಅದು ಬೇರೆ ಮಾತು.

ನಮ್ಮ ಪತ್ರಿಕೆಗಳ ತಲೆಬರಹದ ಭಾಷೆಯೂ ಇದಕ್ಕೆ ಹದವಾದ ನೆಲ. ಧೂಳೀಪಟ, ಮಣ್ಣುಮುಕ್ಕಿಸಿದ, ಸೇಡು, ಮುಖಭಂಗ, ಮಾನ ಹರಾಜು. ಸೋಲು ಎಂಬ ಎರಡಕ್ಷರದ ಒಳ್ಳೆಯ ಕನ್ನಡ ಪದ ಇದೆ, ಅದರ ಹಿಂದೆ 'ಹೀನಾಯ' ಇಲ್ಲದೆ ಅದು ಅಚ್ಚಾಗುವುದೇ ಅಪರೂಪ. ಮಾನ ಹೋಯಿತು ಎಂದ ಮೇಲೆ ಮಾನ ಕಳೆದವರು ಬೇಕಲ್ಲ? ಮಾನದ ಪ್ರಶ್ನೆ ಬಂದಾಗ ನಮ್ಮ ಸಮಾಜದ ಕಣ್ಣು ಎತ್ತ ಹೊರಳುತ್ತದೆಂದು ಹೆಂಗಸರಿಗೆ ಗೊತ್ತು. 'ಬಳೆ ತೊಟ್ಟುಕೊಂಡು ಮನೆಯಲ್ಲಿ ಕೂರಲಿ' ಎಂದು ಸೋತ ಗಂಡಸರನ್ನು ಮೂದಲಿಸುವುದನ್ನು ನೀವೂ ಕೇಳಿದ್ದೀರಿ. ಶಾಂತಾ ರಂಗಸ್ವಾಮಿ ನಾಯಕಿಯಾಗಿ ಭಾರತದ ಹೆಣ್ಣುಮಕ್ಕಳ ಮೊತ್ತಮೊದಲ ಟೆಸ್ಟ್ ಪಂದ್ಯಕ್ಕೆ ಇಳಿದದ್ದು 1976ರಲ್ಲಿ, ನಮ್ಮ ಬೆಂಗಳೂರಿನಲ್ಲೇ. ಬಳೆ ತೊಡುವವರು ಆಡಲು ಶುರುಮಾಡಿ ಅಷ್ಟು ಕಾಲವಾದರೂ ಬೈಗುಳ ಮಾತ್ರ ಇದ್ದಲ್ಲೇ ಇದೆ.

ಟೀವಿಯ ಹರಟೆಯಲ್ಲೇ ಇದು ಮುಗಿದಿದ್ದರೆ ನಾನೂ ಪ್ಲಗ್ಗು ಕಿತ್ತು ಸುಮ್ಮನಿರುತ್ತಿದ್ದೆ. 2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ ನ್ಯೂಜಿಲೆಂಡ್ ಎದುರು 46 ರನ್ನಿಗೆ ಆಲೌಟಾಯಿತು. ಆ ಸರಣಿಯನ್ನು 0-3ರಿಂದ, ಆಮೇಲೆ ಆಸ್ಟ್ರೇಲಿಯಾದಲ್ಲಿ ಇನ್ನೊಂದನ್ನು 1-3ರಿಂದ ಸೋತಿತು. 2025ರ ಜನವರಿಯಲ್ಲಿ ಕ್ರಿಕೆಟ್ ಮಂಡಳಿ ಶಿಸ್ತಿನ ಪಟ್ಟಿಯೊಂದನ್ನು ಹೊರಡಿಸಿತು. ಅದರಲ್ಲಿ ಒಂದು: ನಲವತ್ತೈದು ದಿನ ಮೀರಿದ ಪ್ರವಾಸವಾದರೆ ಹೆಂಡತಿ ಮಕ್ಕಳು ಎರಡು ವಾರಕ್ಕಿಂತ ಹೆಚ್ಚು ಜೊತೆಗಿರಕೂಡದು. ಮನೆಯ ನೆಲದಲ್ಲೇ 46ಕ್ಕೆ ಉರುಳಿದ್ದಕ್ಕೂ ಪರದೇಶದ ಹೋಟೆಲಿನಲ್ಲಿ ಮಗುವಿಗೆ ಅನ್ನ ಕಲಸುತ್ತಾ ಕೂತವಳಿಗೂ ಏನು ಸಂಬಂಧ? ಪ್ರವಾಸದ ಖರ್ಚು, ವ್ಯವಸ್ಥೆಯ ಕಾರಣಕ್ಕೆ ಮಂಡಳಿ ಏನು ನಿಯಮವನ್ನಾದರೂ ಮಾಡಿಕೊಳ್ಳಲಿ, ಅದು ಅವರ ಹಕ್ಕು. ಆದರೆ ಸೋಲಿನ ಬೆನ್ನಿಗೇ, ಸೋಲಿನ ಮದ್ದೆಂಬಂತೆ ಅದು ಬಂದಾಗ ಜಗಲಿಯ ಮಾತಿಗೆ ಸರ್ಕಾರಿ ಮೊಹರು ಬಿದ್ದಂತಾಯಿತು. ಅದೇ ಮಾರ್ಚಿನಲ್ಲಿ ಚಾಂಪಿಯನ್ಸ್ ಟ್ರೋಫಿ ಗೆದ್ದಾಗ ಕ್ಯಾಮೆರಾಗಳು ಮತ್ತೆ ಹೆಂಡತಿಯರನ್ನೇ ಹುಡುಕಿದವು. ಈಗ ಅವರು ಅದೃಷ್ಟಲಕ್ಷ್ಮಿಯರು! ಈ ಹೊಗಳಿಕೆ ನನಗೆ ಬೈಗುಳಕ್ಕಿಂತ ಹೆಚ್ಚು ಕಸಿವಿಸಿ ಮಾಡುತ್ತದೆ. ಒಳ್ಳೆಯ ಕಾಲ್ಗುಣವನ್ನು ಒಪ್ಪಿಕೊಂಡವಳು ನಾಳೆ ಕೆಟ್ಟದ್ದನ್ನೂ ಒಪ್ಪಿಕೊಳ್ಳಬೇಕಾಗುತ್ತದೆ.

ಗಂಡಸರ ಸೋಲಿನಲ್ಲಿ ಇಷ್ಟು ಪಾಲು ಸಿಗುವ ಹೆಂಗಸಿಗೆ ತನ್ನದೇ ಗೆಲುವಿನಲ್ಲಿ ಎಷ್ಟು ಪಾಲು? 2017ರ ವಿಶ್ವಕಪ್ಪಿಗೆ ಮುಂಚೆ ಪತ್ರಕರ್ತರೊಬ್ಬರು ನಾಯಕಿ ಮಿಥಾಲಿ ರಾಜ್ ಅವರನ್ನು, ಗಂಡಸರಲ್ಲಿ ನಿಮ್ಮ ಮೆಚ್ಚಿನ ಆಟಗಾರ ಯಾರು ಎಂದು ಕೇಳಿದರು. ಇಂಥ ಪ್ರಶ್ನೆಯನ್ನು ಗಂಡಸು ಆಟಗಾರರಿಗೂ ಕೇಳುತ್ತೀರಾ ಎಂದು ಆಕೆ ತಿರುಗಿ ಕೇಳಿದರು. ಆ ವಿಶ್ವಕಪ್ಪಿನಲ್ಲೇ ಜುಲೈ 15ರಂದು ನ್ಯೂಜಿಲೆಂಡ್ 79ಕ್ಕೆ ಕುಸಿಯಿತು. ವಿಜಯಪುರದ ರಾಜೇಶ್ವರಿ ಗಾಯಕವಾಡ 15 ರನ್ ಕೊಟ್ಟು ಐದು ವಿಕೆಟ್ ಕಿತ್ತರು, ಕಡೂರಿನ ವೇದಾ ಕೃಷ್ಣಮೂರ್ತಿ 70 ರನ್ ಹೊಡೆದರು. ಒಂದೇ ದಿನ ನಮ್ಮ ಎರಡು ಊರಿನ ಹುಡುಗಿಯರು! ಕ್ರಿಕೆಟ್ಟಿನ ಗಂಧವೇ ಇಲ್ಲದ ಅನುಷ್ಕಾಳ ಹೆಸರು ಬಲ್ಲ ನಮ್ಮ ಬೀದಿಯ ಎಷ್ಟು ಮನೆಗಳಿಗೆ ರಾಜೇಶ್ವರಿಯ ಹೆಸರು ಗೊತ್ತಿದೆ?

2025ರ ನವೆಂಬರ್ 2ರಂದು ನವಿ ಮುಂಬೈಯಲ್ಲಿ ದಕ್ಷಿಣ ಆಫ್ರಿಕಾವನ್ನು 52 ರನ್ನುಗಳಿಂದ ಸೋಲಿಸಿ ಹರ್ಮನ್‌ಪ್ರೀತ್ ಕೌರ್ ಅವರ ತಂಡ ವಿಶ್ವಕಪ್ ಎತ್ತಿತು. ಅಂದು ಎಲ್ಲ ಪತ್ರಿಕೆಗಳ ಮುಖಪುಟ ಅವರದೇ, ಸುಳ್ಳು ಹೇಳಬಾರದು, ಕಣ್ತುಂಬಿ ಬಂತು. ಆ ಟೂರ್ನಿಯಲ್ಲಿ ಭಾರತದ ಪರ ಎಲ್ಲರಿಗಿಂತ ಹೆಚ್ಚು ರನ್ ಮಾಡಿದವರು ಉಪನಾಯಕಿ ಸ್ಮೃತಿ ಮಂದಾನ, 434. ಅದೇ ತಿಂಗಳ ಕೊನೆಯಲ್ಲಿ ಆಗಬೇಕಿದ್ದ ಅವರ ಮದುವೆ ಮುಂದಕ್ಕೆ ಹೋಯಿತು. ಡಿಸೆಂಬರ್ 7ರಂದು, ಮದುವೆ ರದ್ದಾಗಿದೆ, ಇಷ್ಟಕ್ಕೆ ಬಿಟ್ಟುಬಿಡಿ ಎಂದು ಅವರೇ ಕೈಮುಗಿದಂತೆ ಕೇಳಿಕೊಂಡರು. ನಡುವಿನ ಎರಡು ವಾರ ವಾಹಿನಿಗಳು ನಡೆಸಿದ ಪಂಚಾಯಿತಿಯನ್ನು ನಾನು ಇಲ್ಲಿ ಮತ್ತೆ ಬರೆಯುವುದಿಲ್ಲ.

ಆ ಡಿಸೆಂಬರಿನಲ್ಲಿ ಅರಿಶಿನ ಕುಂಕುಮಕ್ಕೆ ಬಂದ ಎದುರುಮನೆಯವರು ತಟ್ಟೆ ಕೆಳಗಿಡುವ ಮೊದಲೇ ಕೇಳಿದರು: "ಅಲ್ಲಾ ಕಣ್ರೀ, ಆ ಕ್ರಿಕೆಟ್ ಹುಡುಗಿ ಮದುವೆ ಯಾಕಂತೆ ನಿಂತದ್ದು?"

"ನಾನೂರ ಮೂವತ್ತನಾಲ್ಕು," ಎಂದೆ.

"ಏನದು?"

ಕೂರಿಸಿ, ಕಾಫಿ ಕೊಟ್ಟು, ಒಂದೊಂದೇ ಪಂದ್ಯ ಹೇಳತೊಡಗಿದೆ.