ಸಮಾರ್ಯದವನ ಎರಡು ನಾಣ್ಯಗಳು
ನಿವೃತ್ತ ವೈದ್ಯರೊಬ್ಬರು ರಕ್ತದ ಕ್ಯಾನ್ಸರ್ ಚಿಕಿತ್ಸೆ, ಕ್ರೈಸ್ತ ವಿಶ್ವಾಸ ಹಾಗೂ ರಾಜಕಾರಣ ಕುರಿತು ಬರೆದಿರುವ ಚಿಂತನೆಗಳಲ್ಲಿ ಮೊದಲೆರಡು ಹದವಾಗಿ ಬೆರೆತಿವೆ. ಮೂರನೆಯದು ಹೊರಗೇ ಉಳಿದಿದೆ. ಕ್ರಾನಿಕ್ ಮೈಲಾಯ್ಡ್ ಲುಕೇಮಿಯಾವನ್ನು ಹತೋಟಿಯಲ್ಲಿಡುವ, 2001ರಲ್ಲಿ ಬಳಕೆಗೆ ಬಂದ ಇಮ್ಯಾಟಿನಿಬ್ ಮಾತ್ರೆಯನ್ನು ಅವರು ದೈವಾನುಗ್ರಹವೆಂದು ಸ್ತುತಿಸುತ್ತಾರೆ. ಅದು ಯುಕ್ತವೇ. ಆದರೆ ಅದರ ಸ್ಫಟಿಕರೂಪಕ್ಕೆ ಕೋರಿದ ಪೇಟೆಂಟನ್ನು ಸುಪ್ರೀಂ ಕೋರ್ಟ್ 2013ರಲ್ಲಿ ನಿರಾಕರಿಸಿದ್ದನ್ನು ಲೌಕಿಕ ವ್ಯಾಜ್ಯವೆಂದು ಬದಿಗಿರಿಸುತ್ತಾರೆ. ತಿಂಗಳಿಗೆ ಲಕ್ಷ ರೂಪಾಯಿ ಮೀರಿದ್ದ ಔಷಧದ ಜೆನೆರಿಕ್ ರೂಪವು ಸುಮಾರು 10,000 ರೂಪಾಯಿಗೆ ದೊರೆಯುತ್ತಲೇ ಇರಲು ಆ ತೀರ್ಪು ದಾರಿಮಾಡಿತು.

ಲೂಕನ ಸುವಾರ್ತೆಯ ಸಮಾರ್ಯದವನು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಸುಮ್ಮನಾಗಲಿಲ್ಲ. ಛತ್ರದವನಿಗೆ ಎರಡು ನಾಣ್ಯ ಕೊಟ್ಟು ಹೆಚ್ಚಿನ ವೆಚ್ಚಕ್ಕೂ ಹೊಣೆಯಾದನು. ಆ ನಾಣ್ಯಗಳನ್ನು ಯಾರು ತೆರಬೇಕೆಂಬುದೇ ರಾಜಕಾರಣದ ಪ್ರಶ್ನೆ. ಅದನ್ನು ಕೈಬಿಟ್ಟ ಸ್ತೋತ್ರವು ಅರ್ಧಸಾಕ್ಷಿ ಮಾತ್ರ. ರೋಗಿಯ ಬಳಿ ಪ್ರಾರ್ಥಿಸುವ ಸಭಾಪಾಲಕನು ಔಷಧದ ಬೆಲೆಯನ್ನೂ ವಿಚಾರಿಸಬೇಕು.