ರಂಗಗೀತೆಗೆ ಒಪ್ಪುವ ಜಾಲತಾಣ

ಸಣ್ಣ ವಿನ್ಯಾಸ ಸಂಸ್ಥೆಯೊಂದರ ಅಭಿರುಚಿ ಎಷ್ಟು ಪಳಗಿದೆ ಎಂಬುದು ಅದು ಅಂಗಡಿಗೋ ಶಾಲೆಗೋ ಮಾಡಿಕೊಟ್ಟ ಜಾಲತಾಣಕ್ಕಿಂತ ಸಂಗೀತದ ಪುಟದಲ್ಲಿ ಬೇಗ ತಿಳಿದುಬರುತ್ತದೆ; ಏಕೆಂದರೆ ಅಲ್ಲಿ ಕಣ್ಣಿಗೆಂದು ಮಾಡಿದ ಕೆಲಸವನ್ನು ಕಿವಿ ಒರೆಗೆ ಹಚ್ಚುತ್ತದೆ. ನಿಟ್ಟೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಈ ಪರೀಕ್ಷೆಗೆ ತಕ್ಕ ವಸ್ತುವೆಂದರೆ ಪೌರಾಣಿಕ ನಾಟಕಗಳ ರಂಗಗೀತೆ. 1884ರಲ್ಲಿ ಆರಂಭವಾದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯು ಗುಬ್ಬಿ ವೀರಣ್ಣನವರ ಕಾಲದಲ್ಲಿ ‘ಕುರುಕ್ಷೇತ್ರ’ಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದು ಹೆಸರಾಯಿತು. ಅಂಥ ಕಂಪನಿಗಳ ವೈಭವದ ದಿನಗಳು ಸರಿದ ಮೇಲೂ ಹಳ್ಳಿಯ ಹವ್ಯಾಸಿಗಳು ಹಾರ್ಮೋನಿಯಂ ಮೇಷ್ಟರ ಬಳಿ ತಾಲೀಮು ನಡೆಸಿ, ಬಾಡಿಗೆಗೆ ಡ್ರಾಮಾ ಸೀನರಿ ತರಿಸಿ, ಬೆಳಗಿನ ಜಾವದವರೆಗೆ ನಾಟಕವಾಡುವ ಪದ್ಧತಿ ತುಮಕೂರು ಜಿಲ್ಲೆಯಲ್ಲಿ ಇನ್ನೂ ಉಳಿದಿದೆ.

ಈ ನಾಟಕಗಳ ಕರಪತ್ರವನ್ನು ವಿನ್ಯಾಸಕಾರರು ಕೀಳಾಗಿ ಕಾಣುವುದುಂಟು, ಆದರೆ ಅದು ಅನ್ಯಾಯ. ಪಾತ್ರದ ಹೆಸರು ಎಡಕ್ಕೆ, ಪಾತ್ರಧಾರಿಯ ಹೆಸರು ಬಲಕ್ಕೆ, ಕೆಳಗೆ ಹಾರ್ಮೋನಿಯಂ, ತಬಲ, ಸೀನರಿಯವರ ಸಾಲು ಎಂಬ ಅದರ ಕ್ರಮದಲ್ಲಿ ಯಾರ ಪಾಲಿಗೆ ಎಷ್ಟು ಮರ್ಯಾದೆ ಸಲ್ಲಬೇಕೆಂಬ ಲೆಕ್ಕ ಅಡಗಿದೆ. ದೋಷವಿರುವುದು ಬೇರೆಡೆ: ಈಗ ಅದೇ ಕರಪತ್ರ ಡಿಟಿಪಿ ಅಂಗಡಿಯಲ್ಲಿ ಚಿತ್ರವಾಗಿ ರೂಪುಗೊಂಡು ಮೊಬೈಲಿಗೆ ಬರುವುದರಿಂದ ಅದರೊಳಗಿನ ಅಕ್ಷರಗಳನ್ನು ಹುಡುಕಲಾಗದು, ನಕಲಿಸಲಾಗದು. ಮೂಲ ಕಡತ ಕೈಗೆ ಸಿಕ್ಕರೂ, ಅದು ‘ನುಡಿ’ಯಂಥ ತಂತ್ರಾಂಶದ ಹಳೆಯ ಸಂಕೇತ ಕ್ರಮದಲ್ಲಿದ್ದರೆ, ಜಾಲತಾಣಕ್ಕೆ ಅಂಟಿಸಿದೊಡನೆ ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗುತ್ತದೆ. ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಪ್ರತ್ಯೇಕ ಸಂಖ್ಯೆ ನೀಡುವ ಯೂನಿಕೋಡ್ ವ್ಯವಸ್ಥೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನವಿರುವಾಗ, ಹಾಡಿನ ಸಾಹಿತ್ಯವನ್ನು ಚಿತ್ರದೊಳಗೆ ಬಂಧಿಸಿಡುವುದಕ್ಕೆ ಸಬೂಬಿಲ್ಲ.

ಅಕ್ಷರ ಸರಿಹೋದ ಬಳಿಕ ಸಾಲಿನ ಪ್ರಶ್ನೆ ಬರುತ್ತದೆ. ನಾಟಕದಲ್ಲಿ ಸಾಮಾನ್ಯವಾಗಿ ತಾಳದ ಹಂಗಿಲ್ಲದೆ ಆಲಾಪದೊಡನೆ ಹಾಡುವ ಕಂದಪದ್ಯವನ್ನೇ ತೆಗೆದುಕೊಂಡರೆ, ಅದರ ಒಂದು ಮತ್ತು ಮೂರನೆಯ ಪಾದಗಳಿಗೆ 12 ಮಾತ್ರೆ, ಎರಡು ಮತ್ತು ನಾಲ್ಕನೆಯವಕ್ಕೆ 20 ಮಾತ್ರೆ. ಮಾತ್ರೆಯೆಂದರೆ ಒಂದು ಲಘು ಅಕ್ಷರವನ್ನು ಉಚ್ಚರಿಸಲು ಹಿಡಿಯುವ ಕಾಲ. ಮೊಬೈಲಿನ ಕಿರಿದಾದ ಪರದೆಯಲ್ಲಿ 20 ಮಾತ್ರೆಯ ಪಾದ ನಡುವೆ ಮುರಿದು, ಉಳಿದ ತುಂಡು ಹೊಸ ಪಾದದಂತೆ ಎಡ ಅಂಚಿಗೆ ಬಂದು ನಿಂತರೆ, ಓದಿ ಕಲಿಯುವ ಪಾತ್ರಧಾರಿ ಉಸಿರು ನಿಲ್ಲಿಸಬಾರದ ಕಡೆ ನಿಲ್ಲಿಸುತ್ತಾನೆ. ಮುರಿದ ತುಂಡನ್ನು ಅಂಚಿನಿಂದ ಸ್ವಲ್ಪ ಒಳಗೆ ಸರಿಸುವುದು, ಇಂಗ್ಲಿಷಿಗೆಂದು ಅಳೆದ ಸಾಲಿನ ಅಂತರವನ್ನು ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಷ್ಟು ಹಿಗ್ಗಿಸುವುದು, ಎಲ್ಲ ಪದ್ಯವನ್ನೂ ಪುಟದ ನಡುವಿಗೆ ತಳ್ಳುವ ಚಪಲವನ್ನು ಬಿಡುವುದು, ಇಷ್ಟೇ ಇದರ ಪರಿಹಾರ. ಇವಾವುವೂ ದುಬಾರಿಯಲ್ಲ, ಆದರೆ ಹಾಡನ್ನು ಒಮ್ಮೆಯಾದರೂ ಕೂತು ಕೇಳದ ವಿನ್ಯಾಸಕಾರನಿಗೆ ಇವುಗಳ ಅಗತ್ಯವೇ ಹೊಳೆಯದು. ಸ್ವರಪ್ರಸ್ತಾರ ಇನ್ನೂ ತೊಡಕಿನದು: ತಾರಸ್ಥಾಯಿಗೆ ಸ್ವರದ ಮೇಲೆ, ಮಂದ್ರಕ್ಕೆ ಕೆಳಗೆ ಇಡುವ ಚುಕ್ಕೆ ಹಲವು ಫಾಂಟುಗಳಲ್ಲಿ ಸರಿಯಾದ ಜಾಗದಲ್ಲಿ ಕೂರುವುದಿಲ್ಲ.

ಧ್ವನಿಯ ವಿಷಯದಲ್ಲಿ ಸಂಯಮವೇ ಸೊಗಸು. ಪುಟ ತೆರೆದೊಡನೆ ತಾನಾಗಿ ಹಾಡತೊಡಗುತ್ತಿದ್ದ ಜಾಲತಾಣಗಳ ಕಾಟಕ್ಕೆ 2018ರಲ್ಲಿ ಕ್ರೋಮ್ ಬ್ರೌಸರ್ ಕಡಿವಾಣ ಹಾಕಿದ್ದು ರಸಿಕರಿಗೆ ಆದ ಉಪಕಾರ. ಸೆಕೆಂಡಿಗೆ 128 ಕಿಲೋಬಿಟ್‌ನ ಎಂಪಿ3 ಕಡತ ನಿಮಿಷಕ್ಕೆ ಸುಮಾರು 1 ಎಂಬಿ ತೂಗುವುದರಿಂದ, ಐದು ನಿಮಿಷದ ರಂಗಗೀತೆ ಹಳ್ಳಿಯ ನೆಟ್‌ವರ್ಕಿಗೂ ಭಾರವಲ್ಲ. ಕಾಲಿನಿಂದ ತಿದಿಯೊತ್ತುವ ಲೆಗ್ ಹಾರ್ಮೋನಿಯಂ ನುಡಿಸುವವರ ಎರಡೂ ಕೈ ಮನೆಗಳ ಮೇಲೆ ಬಿಡುವಾಗಿರುವುದರಿಂದ ಹುಟ್ಟುವ ತುಂಬು ನಾದ, ಧ್ವನಿಯನ್ನು ಅದಕ್ಕಿಂತ ಬಹಳ ಹಿಂಡಿದರೆ ಮಂಕಾಗುತ್ತದೆ. ಇಂಥ ಕಡತದಲ್ಲಿ ಕಲಾವಿದರ ಹೆಸರಿಗೆಂದು ಇರುವ ಖಾನೆಯಲ್ಲಿ ಸಾಮಾನ್ಯವಾಗಿ ಹಾಡಿದವರ ಹೆಸರೊಂದೇ ಸೇರುತ್ತದೆ. ಕರಪತ್ರದಲ್ಲಿ ತಮ್ಮದೇ ಸಾಲು ಪಡೆದಿರುವ ಹಾರ್ಮೋನಿಯಂ ಮೇಷ್ಟರನ್ನೂ ತಬಲದವರನ್ನೂ ಅದರೊಳಗೆ ಬರೆದಿಡುವುದು, ವಿನ್ಯಾಸ ಸಂಸ್ಥೆಯು ಗ್ರಾಹಕ ಮಂಡಳಿಗೆ ಕೆಲಸ ಒಪ್ಪಿಸುವ ಮುನ್ನ ಮಾಡಬೇಕಾದ ಕೆಲವೇ ನಿಮಿಷಗಳ ಕೆಲಸ.