ನೂರನೆಯ ದಿನದ ಹಾರ

ಮದ್ಯವರ್ಜನ ಶಿಬಿರದ ಸಮಾರೋಪದಲ್ಲಿ ವೇದಿಕೆಯ ಮೇಲಿನವರ ಭಾಷಣ ಉದ್ದವಾದಷ್ಟೂ ಕೆಳಗೆ ಕೂತ ಶಿಬಿರಾರ್ಥಿ ಸಣ್ಣವನಾಗುತ್ತಾನೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರೂರಿನ ಸಮುದಾಯ ಭವನ, ಕಲ್ಯಾಣ ಮಂಟಪಗಳಲ್ಲಿ ನಡೆಸುವ ಈ ಎಂಟು ದಿನದ ಶಿಬಿರಗಳ ಬಗ್ಗೆ ನನಗಿರುವ ಮೊದಲ ತಕರಾರು ಇದೇ.

ಆತ್ಮವಿಶ್ವಾಸ ಬುದ್ಧಿವಾದದಿಂದ ಹುಟ್ಟುವುದು ಕಡಿಮೆ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲೇ ಹೇಳಿದ್ದಂತೆ, ಸ್ವತಃ ಮಾಡಿ ಗೆದ್ದ ಅನುಭವಕ್ಕೆ ಬಲ ಹೆಚ್ಚು. ತನ್ನಂಥವನೇ ಗೆದ್ದದ್ದನ್ನು ಕಾಣುವುದು ಅದರ ನಂತರದ್ದು. ಶಿಬಿರದಲ್ಲಿ ಇವೆರಡೂ ಇವೆ. ಕೈ ನಡುಗುತ್ತಿದ್ದವನು ಕೆಲವೇ ದಿನಗಳಲ್ಲಿ ಹೊಟ್ಟೆತುಂಬ ಉಂಡು ಮಲಗುತ್ತಾನೆ. ಅವನಿಗೆ ಅವನ ಮೈಯೇ ಮೊದಲ ಸಾಕ್ಷಿ. (ದಿನವೂ ಕುಡಿಯುತ್ತಿದ್ದವನು ಥಟ್ಟನೆ ಬಿಟ್ಟರೆ ಫಿಟ್ಸ್, ಸನ್ನಿ ಬರಬಹುದು, ಆಗ ಬೇಕಾದದ್ದು ವೈದ್ಯರು, ಭಜನೆಯಲ್ಲ.) ಹಿಂದಿನ ಶಿಬಿರಗಳಲ್ಲಿ ಕುಡಿತ ಬಿಟ್ಟು ನವಜೀವನ ಸಮಿತಿ ಸೇರಿದವನು ಪಕ್ಕದಲ್ಲಿ ಕೂತು ತನ್ನ ಕಥೆ ಹೇಳಿದರೆ ಅದು ಹತ್ತು ಅತಿಥಿಗಳ ಮಾತಿಗೆ ಸಮ. ಕುಡಿತ ಬಿಟ್ಟು ನೂರು ದಿನವಾದಾಗ ನಡೆಸುವ ಶತದಿನೋತ್ಸವವಂತೂ ಸೊಗಸಾದ ಕಲ್ಪನೆ: ಅಲ್ಲಿ ಹಾರ ಬೀಳುವುದು ಕೊಟ್ಟ ಮಾತಿಗಲ್ಲ, ಕಳೆದ ನೂರು ದಿನಕ್ಕೆ.

ತೊಡಕು ಆ ನೂರು ದಿನದೊಳಗೆ ಜಾರಿದವನದು. ನಮ್ಮ ಕಡೆ ಧರ್ಮಸ್ಥಳದ ಮಂಜುನಾಥನ ಹೆಸರಿನಲ್ಲಿ ಆಡಿದ ಮಾತೆಂದರೆ ಹುಡುಗಾಟವಲ್ಲ. ಆ ಭಯ ಹಲವರನ್ನು ಉಳಿಸುತ್ತದೆ, ನಿಜ. ಆದರೆ ಒಂದು ಲೋಟ ಕುಡಿದವನು ‘ಹೇಗೂ ಕೆಟ್ಟೆನಲ್ಲ’ ಎಂದು ಬಾಟಲಿಯನ್ನೇ ಮುಗಿಸುವುದೂ ಅದೇ ಭಯದಿಂದ. ವ್ಯಸನ ಮರುಕಳಿಸುವುದನ್ನು ಅಧ್ಯಯನ ಮಾಡಿದ ಅಲನ್ ಮಾರ್ಲಾಟ್ ಗುರುತಿಸಿದ್ದು ಈ ಮನಸ್ಸನ್ನೇ. 1935ರಲ್ಲಿ ಅಮೆರಿಕದಲ್ಲಿ ಶುರುವಾದ ಆಲ್ಕೋಹಾಲಿಕ್ಸ್ ಅನಾನಿಮಸ್‌ನಲ್ಲೂ ದೇವರಿದ್ದಾನೆ. ಆದರೆ ಅಲ್ಲಿ ಜಾರಿದವನು ಎದ್ದು ನಿಂತು ಹಾಗೆಂದು ಹೇಳಿ, ಮತ್ತೆ ಒಂದರಿಂದ ಎಣಿಕೆ ಶುರುಮಾಡುತ್ತಾನೆ. ನಮ್ಮಲ್ಲಿ ಅವನು ಸಭೆಗೆ ಬರುವುದನ್ನೇ ಬಿಡುತ್ತಾನೆ, ಊರವರು ಶಿಬಿರವನ್ನೇ ಲೇವಡಿ ಮಾಡುತ್ತಾರೆ.

ನಮ್ಮ ಬೇಲೂರು ಕಡೆಯ ಮಾದಿಹಳ್ಳಿಯ ಸುತ್ತ ಜೋಳ, ಶುಂಠಿಯ ಹೊಲಕ್ಕೋ ಬೇಲೂರಿನಾಚೆಯ ಕಾಫಿ ತೋಟಕ್ಕೋ ಕೂಲಿಗೆ ಹೋಗುವವನ ನಿಜವಾದ ಪರೀಕ್ಷೆ ಬಟವಾಡೆಯ ಸಂಜೆ: ಕೈಯಲ್ಲಿ ದುಡ್ಡು, ಪಕ್ಕದಲ್ಲಿ ಹಳೆಯ ಗೆಳೆಯರು. ನವಜೀವನ ಸಮಿತಿಯ ಸಭೆ ಆ ಹೊತ್ತಿಗೇ ಸೇರಬೇಕು. ಸ್ವಸಹಾಯ ಸಂಘ ಕಟ್ಟಿ ವಾರವಾರ ಉಳಿತಾಯ ಮಾಡಿಸುವ ಅನುಭವ ಗ್ರಾಮಾಭಿವೃದ್ಧಿ ಯೋಜನೆಗೆ ಧಾರಾಳವಾಗಿದೆ. ಅವನ ಹೆಸರಿನಲ್ಲೂ ಒಂದು ಪುಸ್ತಕ ತೆರೆದು, ಆ ವಾರದ ದುಡ್ಡನ್ನು ಅವನ ಕೈಯಿಂದಲೇ ಕಟ್ಟಿಸಲಿ. ಜಾರಿದ ವಾರದಲ್ಲೂ ಕುರ್ಚಿ ಅವನಿಗೆ ಖಾಲಿಯಿರಲಿ. ಅತಿಥಿಗಳ ಕುರ್ಚಿ ಎರಡು ಕಡಿಮೆಯಾದರೂ ನಡೆದೀತು.